ವಿದೇಶಿ ಸೇನೆ ಹೊರಟ ಮೇಲೆ ನೆರೆಹೊರೆಯ ಭದ್ರತೆಯನ್ನು ಅಳೆಯುವುದು ಹೇಗೆ: ಅಫ್ಘಾನಿಸ್ತಾನದ ನಕ್ಷೆ ಮುಂದಿಟ್ಟುಕೊಂಡು

ಯುದ್ಧದಿಂದ ನಲುಗಿದ ದೇಶವೊಂದನ್ನು ವಿದೇಶಿ ಸೇನೆ ಬಿಟ್ಟು ಹೋಗುವಾಗ ಎಲ್ಲರ ಕಣ್ಣೂ ರಾಜಧಾನಿಯ ಮೇಲಿರುತ್ತದೆ. ಅಮೆರಿಕದ ಸೇನೆ ಹೊರಡುತ್ತಿದ್ದ 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ವಿಮಾನದ ಜೊತೆಗೆ ಓಡುತ್ತಿದ್ದ ಜನರನ್ನು ನಾವೆಲ್ಲ ನೋಡಿದೆವು. ಆದರೆ ಆ ದೇಶದ ಸುತ್ತಲಿನ ಪ್ರದೇಶ ಮುಂದೆ ಎತ್ತ ಸಾಗುತ್ತದೆ ಎಂಬ ಸುಳಿವು ರಾಜಧಾನಿಯಲ್ಲಿ ಸಿಗುವುದು ಕಡಿಮೆ. ಅದು ಸಿಗುವುದು ಗಡಿಯ ಸುಂಕದ ಕಟ್ಟೆಗಳಲ್ಲಿ, ನದಿ ನೀರಿನ ಜಗಳಗಳಲ್ಲಿ, ಸಂಬಳ ನಿಂತ ಸಿಪಾಯಿಯ ಲೆಕ್ಕದಲ್ಲಿ. ಪತ್ರಿಕೆಗೆ ಲೇಖನ ಬರೆಯುವವರಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ಪ್ರಬಂಧಕ್ಕೆ ಕೂತವರಿಗೆ, ಸುದ್ದಿಯನ್ನು ಸ್ವಲ್ಪ ಆಳವಾಗಿ ಓದಬೇಕೆನ್ನುವವರಿಗೆ ನೆರವಾಗಲೆಂದು, ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಒಂದು ತಾರೀಖನ್ನು ನಾಲ್ಕು ಮಾಡಿಕೊಳ್ಳಿ

"ಸೇನೆ ಹೊರಟಿತು" ಎಂಬ ಒಂದು ವಾಕ್ಯವನ್ನು ಮೊದಲು ನಾಲ್ಕು ತುಂಡು ಮಾಡಬೇಕು. ಯೋಧರು ಹೊರಟದ್ದು ಯಾವಾಗ, ಮೇಲಿನಿಂದ ಸಿಗುತ್ತಿದ್ದ ವಿಮಾನಬಲ ನಿಂತದ್ದು ಯಾವಾಗ, ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಗುತ್ತಿಗೆ ನೌಕರರು ಹೋದದ್ದು ಯಾವಾಗ, ಹಣ ನಿಂತದ್ದು ಯಾವಾಗ ಎಂದು ನಾಲ್ಕು ಸಾಲು ಬರೆದುಕೊಳ್ಳಿ. ಈ ನಾಲ್ಕು ತಾರೀಖುಗಳ ನಡುವಿನ ಅಂತರವೇ ಉಳಿದ ಸರ್ಕಾರದ ಆಯಸ್ಸನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಇದಕ್ಕೆ ಅಫ್ಘಾನಿಸ್ತಾನದಲ್ಲೇ ಎರಡು ಉದಾಹರಣೆಗಳಿವೆ. 1989ರ ಫೆಬ್ರುವರಿ 15ರಂದು ಸೋವಿಯತ್ ಜನರಲ್ ಬೋರಿಸ್ ಗ್ರೊಮೊವ್ ಅಮು ದರ್ಯಾ ನದಿಯ ಸ್ನೇಹ ಸೇತುವೆಯನ್ನು ನಡೆದೇ ದಾಟಿ ತೆರ್ಮೆಜ್ ಸೇರಿದರು. ಅವರ ಮಗ ಹೂ ಹಿಡಿದು ಎದುರುಗೊಂಡ. ಸೋವಿಯತ್ ಬೆಂಬಲದ ಕಾಬೂಲಿನ ನಜೀಬುಲ್ಲಾ ಸರ್ಕಾರ ಕೆಲವೇ ತಿಂಗಳಲ್ಲಿ ಕುಸಿಯುತ್ತದೆ ಎಂದು ಹೊರಗಿನವರು ಎಣಿಸಿದ್ದರು. ಆದರೆ ಆ ಮಾರ್ಚ್‌ನಲ್ಲಿ ಜಲಾಲಾಬಾದಿನ ಮೇಲೆ ಬಂಡುಕೋರ ಮುಜಾಹಿದೀನರು ನಡೆಸಿದ ದಾಳಿ ವಿಫಲವಾಯಿತು, ಸರ್ಕಾರ ಮೂರು ವರ್ಷ ಉಳಿಯಿತು. ಯೋಧರು ಹೋಗಿದ್ದರೂ ಮಾಸ್ಕೋದಿಂದ ಇಂಧನ, ಧಾನ್ಯ, ಶಸ್ತ್ರಾಸ್ತ್ರಗಳು ಬರುತ್ತಲೇ ಇದ್ದದ್ದು ಇದಕ್ಕೆ ಕಾರಣ. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಕರಗಿದಾಗ ಆ ಕೊಳವೆ ಒಣಗಿತು; ಉತ್ತರದಲ್ಲಿ ಸರ್ಕಾರದ ಪರವಿದ್ದ ಸೇನಾನಾಯಕ ಅಬ್ದುಲ್ ರಶೀದ್ ದೋಸ್ತುಂ ಪಕ್ಷ ಬದಲಿಸಿದರು; 1992ರ ಏಪ್ರಿಲ್‌ನಲ್ಲಿ ಕಾಬೂಲ್ ಬಿದ್ದಿತು.

2021ರಲ್ಲಿ ನಾಲ್ಕು ತಾರೀಖುಗಳೂ ಕೆಲವೇ ವಾರಗಳಲ್ಲಿ ಒಂದರ ಮೇಲೊಂದು ಬಂದವು. ಅಫ್ಘನ್ ವಾಯುಪಡೆಯ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಇಟ್ಟಿದ್ದವರು ವಿದೇಶಿ ಗುತ್ತಿಗೆ ನೌಕರರು. ಅವರು ಸೈನಿಕರ ಜೊತೆಗೇ ಹೊರಟರು. ಜುಲೈ ಆರಂಭದಲ್ಲಿ ಬಗ್ರಾಮ್ ನೆಲೆಯನ್ನು ಅಮೆರಿಕನ್ನರು ರಾತ್ರೋರಾತ್ರಿ ಬಿಟ್ಟುಹೋದರು, ಅದು ತಮಗೆ ಗೊತ್ತಾದದ್ದು ಕೆಲವು ಗಂಟೆಗಳ ಬಳಿಕ ಎಂದು ಅಲ್ಲಿನ ಅಫ್ಘನ್ ಕಮಾಂಡರ್ ಆಮೇಲೆ ಹೇಳಿದರು. ಕಾಗದದ ಮೇಲೆ ಮೂರು ಲಕ್ಷ ಇದ್ದ ಪಡೆಯಲ್ಲಿ ಹಾಜರಿಯೇ ಇಲ್ಲದೆ ಸಂಬಳ ಎತ್ತುತ್ತಿದ್ದ "ಭೂತ ಸಿಪಾಯಿ"ಗಳ ಹೆಸರುಗಳೂ ಸೇರಿದ್ದವು. ನಜೀಬುಲ್ಲಾ ಮೂರು ವರ್ಷ ತಡೆದ ಮೇಲೆ 2021ರ ಅಧ್ಯಕ್ಷ ಅಶ್ರಫ್ ಘನಿ ಒಂದು ಚಳಿಗಾಲವನ್ನಾದರೂ ದಾಟಿಸಿಯಾರು ಎಂದು ನಾನೂ ಎಣಿಸಿದ್ದೆ. ಯೋಧರ ತಾರೀಖೊಂದನ್ನೇ ನೋಡಿ ಉಳಿದ ಮೂರನ್ನು ಬರೆದುಕೊಳ್ಳದೆ ಹೋದದ್ದು ನನ್ನ ತಪ್ಪು.

ನಕ್ಷೆಯಲ್ಲಿ ಊರುಗಳಿಗಿಂತ ಮೊದಲು ಗಡಿ ಬಾಗಿಲುಗಳನ್ನು ಗುರುತಿಸಿ

ಅಫ್ಘಾನಿಸ್ತಾನಕ್ಕೆ ಆರು ನೆರೆಯ ದೇಶಗಳಿವೆ. ಪಾಕಿಸ್ತಾನದೊಂದಿಗಿನ ಡ್ಯುರಾಂಡ್ ರೇಖೆ ಸುಮಾರು 2,600 ಕಿಲೋಮೀಟರ್, ತಜಿಕಿಸ್ತಾನದ ಗಡಿ ಸುಮಾರು 1,350, ಇರಾನಿನದು 900ಕ್ಕೂ ಹೆಚ್ಚು. ಉಜ್ಬೇಕಿಸ್ತಾನದ್ದು 140ರ ಆಸುಪಾಸು, ವಾಖಾನ್ ಪಟ್ಟಿಯ ತುದಿಯಲ್ಲಿ ಚೀನಾದ್ದು ನೂರು ಕಿಲೋಮೀಟರಿಗೂ ಕಡಿಮೆ. ಆದರೆ ಉದ್ದಕ್ಕಿಂತ ಮುಖ್ಯವಾದದ್ದು ಲಾರಿಗಳು ದಾಟುವ ಹತ್ತು ಹನ್ನೆರಡು ಬಾಗಿಲುಗಳು: ತೋರ್ಖಮ್, ಸ್ಪಿನ್ ಬೊಲ್ದಕ್, ಇಸ್ಲಾಂ ಕಲಾ, ತೋರ್ಘುಂಡಿ, ಹೈರತಾನ್, ಶೇರ್ ಖಾನ್ ಬಂದರ್ ಮುಂತಾದವು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುವುದು ನಮ್ಮ ಗಾದೆ. ಇಲ್ಲಿ ಅದನ್ನು ತಿರುವಿ ಹಾಕಬೇಕು, ಏಕೆಂದರೆ ದೇಶದ ಸುಖದುಃಖವನ್ನು ನಮಗೆ ಹೇಳುವವನು ಸುಂಕದವನೇ. ತಾಲಿಬಾನ್ ಪಡೆಗಳು 2021ರ ಜೂನ್ 22ರಂದು ತಜಿಕಿಸ್ತಾನದ ಕಡೆಯ ಶೇರ್ ಖಾನ್ ಬಂದರನ್ನು ಹಿಡಿದವು, ಜುಲೈ ಎರಡನೆಯ ವಾರ ಇರಾನ್ ಕಡೆಯ ಇಸ್ಲಾಂ ಕಲಾವನ್ನು, ತುರ್ಕಮೆನಿಸ್ತಾನ್ ಕಡೆಯ ತೋರ್ಘುಂಡಿಯನ್ನು ಹಿಡಿದವು, ಜುಲೈ 14ರಂದು ಸ್ಪಿನ್ ಬೊಲ್ದಕ್ ಅವರ ಕೈಸೇರಿತು. ಅಷ್ಟು ಹೊತ್ತಿಗೆ ಒಂದೇ ಒಂದು ಪ್ರಾಂತ್ಯ ರಾಜಧಾನಿಯೂ ಬಿದ್ದಿರಲಿಲ್ಲ, ಆದ್ದರಿಂದ ಬಹಳ ಓದುಗರಿಗೆ ಇದು ಮುಖ್ಯ ಸುದ್ದಿ ಅನ್ನಿಸಲೂ ಇಲ್ಲ. ಆದರೆ ಸರ್ಕಾರದ ಸುಂಕದ ಆದಾಯ ಅದಾಗಲೇ ಎದುರಾಳಿಯ ಜೇಬು ಸೇರುತ್ತಿತ್ತು, ನೆರೆಯ ದೇಶಗಳ ಅಧಿಕಾರಿಗಳು ಗೇಟಿನ ಆಚೆ ಹೊಸ ಮುಖಗಳೊಂದಿಗೆ ವ್ಯವಹಾರ ಶುರುಮಾಡಬೇಕಾಗಿತ್ತು. ಜುಲೈ 5ರಂದು ಸಾವಿರಕ್ಕೂ ಹೆಚ್ಚು ಅಫ್ಘನ್ ಸೈನಿಕರು ಜೀವ ಉಳಿಸಿಕೊಳ್ಳಲು ತಜಿಕಿಸ್ತಾನಕ್ಕೆ ದಾಟಿದರು. ಆಗಸ್ಟ್ 6ರಂದು ಬಿದ್ದ ಮೊದಲ ಪ್ರಾಂತ್ಯ ರಾಜಧಾನಿ ಜರಂಜ್ ಕೂಡ ಇರಾನ್ ಗಡಿಯ ಊರೇ. ಭಾರತದ ಗಡಿ ರಸ್ತೆ ಸಂಸ್ಥೆ ಕಟ್ಟಿಕೊಟ್ಟ 218 ಕಿಲೋಮೀಟರ್ ಹೆದ್ದಾರಿ ದೆಲಾರಾಮಿನಿಂದ ಬಂದು ಮುಟ್ಟುವುದು ಅಲ್ಲಿಗೇ. ಜರಂಜ್ ಬಿದ್ದ ಒಂಬತ್ತನೆಯ ದಿನ ಕಾಬೂಲ್ ಬಿದ್ದಿತು.

ಪ್ರತಿ ನೆರೆಯವನಿಗೂ ಬೇರೆಯೇ ಪ್ರಶ್ನೆ ಕೇಳಿ

"ಪ್ರಾದೇಶಿಕ ಭದ್ರತೆ" ಎಂಬ ಪದ ಬರೆದಾಗ ಆರೂ ದೇಶಗಳಿಗೆ ಒಂದೇ ಚಿಂತೆ ಇದೆಯೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವದಲ್ಲಿ ಇರಾನಿಗೆ ಮೊದಲ ಚಿಂತೆ ಹೆಲ್ಮಂದ್ ನದಿಯ ನೀರು. 1973ರ ಒಪ್ಪಂದದ ಪಾಲು ಬರುತ್ತಿಲ್ಲ ಎಂಬ ಜಗಳ ಬಿಸಿಯಾಗಿದ್ದಾಗಲೇ, 2023ರ ಮೇ ತಿಂಗಳಲ್ಲಿ ಎರಡೂ ಕಡೆಯ ಗಡಿ ಕಾವಲುಗಾರರ ನಡುವೆ ಗುಂಡಿನ ಚಕಮಕಿ ನಡೆದು ಸಾವುಗಳಾದವು. ಉಜ್ಬೇಕಿಸ್ತಾನ ಮತ್ತು ತುರ್ಕಮೆನಿಸ್ತಾನಗಳು ಕಣ್ಣಿಟ್ಟಿರುವುದು ಅಮು ದರ್ಯಾದಿಂದ ನೀರು ತಿರುಗಿಸಲು ತಾಲಿಬಾನ್ ಅಗೆಯುತ್ತಿರುವ, ಸುಮಾರು 285 ಕಿಲೋಮೀಟರ್ ಉದ್ದದ ಕೋಶ್ ತೆಪಾ ಕಾಲುವೆಯ ಮೇಲೆ. ಚೀನಾ ತನ್ನ ಪಶ್ಚಿಮ ಭಾಗದ ಉಯ್ಘರ್ ಮುಸ್ಲಿಂ ಸಮುದಾಯದ ಉಗ್ರರ ಬಗ್ಗೆ ಕೇಳುತ್ತದೆ. ಗಡಿಯೇ ಇಲ್ಲದ ರಷ್ಯಾ ಮಧ್ಯ ಏಷ್ಯಾವನ್ನು ತನ್ನ ಹಿತ್ತಲೆಂದು ಎಣಿಸುತ್ತದೆ, 2025ರ ಜುಲೈನಲ್ಲಿ ತಾಲಿಬಾನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟ ಮೊದಲ ದೇಶವೂ ಅದೇ ಆಯಿತು.

ಹೆಚ್ಚು ಪುಟಗಳನ್ನು ಪಾಕಿಸ್ತಾನಕ್ಕೆ ಮೀಸಲಿಡಿ, ಏಕೆಂದರೆ ಲೆಕ್ಕ ತಲೆಕೆಳಗಾದದ್ದು ಅಲ್ಲೇ. 2021ರ ಸೆಪ್ಟೆಂಬರ್ ಆರಂಭದಲ್ಲಿ ಐಎಸ್‌ಐ ಮುಖ್ಯಸ್ಥ ಫೈಜ್ ಹಮೀದ್ ಕಾಬೂಲಿನ ಹೋಟೆಲೊಂದರಲ್ಲಿ ಚಹಾ ಕಪ್ಪು ಹಿಡಿದು ನಿಂತು, ಎಲ್ಲ ಸರಿಹೋಗುತ್ತದೆ, ಚಿಂತೆ ಬೇಡ ಎಂದು ವರದಿಗಾರ್ತಿಗೆ ಹೇಳಿದರು. ಆ ಚಿತ್ರವನ್ನು ನಿಮ್ಮ ಟಿಪ್ಪಣಿಯ ಮೇಲ್ತುದಿಗೆ ಅಂಟಿಸಿಕೊಂಡು ಕೆಳಗೆ ಮುಂದಿನ ತಾರೀಖುಗಳನ್ನು ಬರೆಯಿರಿ. ತೆಹ್ರೀಕ್-ಎ-ತಾಲಿಬಾನ್ ಪಾಕಿಸ್ತಾನ್, ಅಂದರೆ ಟಿಟಿಪಿ, 2022ರ ನವೆಂಬರ್‌ನಲ್ಲಿ ಪಾಕಿಸ್ತಾನದೊಂದಿಗಿನ ಕದನವಿರಾಮ ಮುರಿಯಿತು. 2023ರ ಜನವರಿ 30ರಂದು ಪೆಶಾವರದ ಪೊಲೀಸ್ ಆವರಣದ ಮಸೀದಿಯಲ್ಲಿ ನಡೆದ ಸ್ಫೋಟದಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷದ ಕೊನೆಯಲ್ಲಿ ದಾಖಲೆಗಳಿಲ್ಲದ ಅಫ್ಘನ್ನರನ್ನು ಪಾಕಿಸ್ತಾನ ಲಕ್ಷಗಟ್ಟಲೆ ಹೊರದೂಡಿತು. ಅಫ್ಘನ್ ನೆಲದ ಮೇಲೆ 2022ರಲ್ಲಿ ಮಾಡಿದ್ದ ವಾಯುದಾಳಿಯನ್ನು 2024ರಲ್ಲಿ ಎರಡು ಬಾರಿ ಮಾಡಿತು. ಕಾಬೂಲಿನಲ್ಲಿ ಮಿತ್ರ ಸರ್ಕಾರ ಬಂದರೆ ಪಶ್ಚಿಮದ ಬೆನ್ನು ಭದ್ರ ಎಂದು ರಾವಲ್ಪಿಂಡಿ, ಅಂದರೆ ಪಾಕಿಸ್ತಾನದ ಸೇನಾ ಕೇಂದ್ರ, ದಶಕಗಳ ಕಾಲ ನಂಬಿತ್ತು; ಡ್ಯುರಾಂಡ್ ರೇಖೆಯನ್ನು ಪಾಕಿಸ್ತಾನ ಹುಟ್ಟಿದ ಮೇಲೆ ಕಾಬೂಲಿನ ಯಾವ ಸರ್ಕಾರವೂ, ತಾಲಿಬಾನ್ ಕೂಡ, ಗಡಿಯೆಂದು ಒಪ್ಪಿಲ್ಲ ಎಂಬ ಹಳೆಯ ಸತ್ಯವನ್ನು ಆ ನಂಬಿಕೆ ಮರೆಸಿತ್ತು.

ಹೆಸರುಗಳನ್ನು ಕಲಸಬೇಡಿ

ನಮ್ಮ ಸುದ್ದಿಗಳಲ್ಲಿ "ತಾಲಿಬಾನ್ ಉಗ್ರರು" ಎಂಬ ಒಂದೇ ಚೀಲಕ್ಕೆ ನಾಲ್ಕು ಸಂಘಟನೆಗಳನ್ನು ತುಂಬುವ ರೂಢಿಯಿದೆ. ಅಫ್ಘನ್ ತಾಲಿಬಾನ್ ದೇಶ ಆಳುತ್ತದೆ, ಟಿಟಿಪಿ ಪಾಕಿಸ್ತಾನದ ವಿರುದ್ಧ ಹೋರಾಡುತ್ತದೆ, ಇಸ್ಲಾಮಿಕ್ ಸ್ಟೇಟ್‌ನ ಖುರಾಸಾನ್ ಶಾಖೆ ತಾಲಿಬಾನಿಗೇ ಶತ್ರು, ಅಲ್ ಕೈದಾ ತಾಲಿಬಾನಿನ ಹಳೆಯ ಅತಿಥಿ. ಅದರ ನಾಯಕ ಜವಾಹಿರಿ 2022ರ ಜುಲೈ 31ರಂದು ಡ್ರೋನ್ ದಾಳಿಯಲ್ಲಿ ಸತ್ತದ್ದು ಕಾಬೂಲಿನ ನಡುಮಧ್ಯದ ಮನೆಯೊಂದರಲ್ಲಿ. ಖುರಾಸಾನ್ ಶಾಖೆ 2021ರ ಆಗಸ್ಟ್ 26ರಂದು ಕಾಬೂಲ್ ವಿಮಾನ ನಿಲ್ದಾಣದ ಗೇಟಿನಲ್ಲಿ ರಕ್ತ ಹರಿಸಿತ್ತು. ನಂತರದ ವರ್ಷಗಳಲ್ಲಿ ದೇಶದೊಳಗಿನ ಅದರ ದಾಳಿಗಳು ಕಡಿಮೆಯಾದಂತೆ ಅದರ ಹೆಸರು ಹೊರಗೆ ಕೇಳಿಸಿತು: 2024ರ ಜನವರಿಯಲ್ಲಿ ಇರಾನಿನ ಕೆರ್ಮಾನ್, ಮಾರ್ಚ್‌ನಲ್ಲಿ 140ಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಮಾಸ್ಕೋದ ಕ್ರೋಕಸ್ ಸಭಾಂಗಣ. ಆದ್ದರಿಂದ "ಅಫ್ಘಾನಿಸ್ತಾನದಲ್ಲಿ ಹಿಂಸೆ ತಗ್ಗಿದೆ" ಎಂಬ ಶೀರ್ಷಿಕೆ ಓದಿದಾಗ, ತಗ್ಗಿದ್ದು ಎಲ್ಲಿ ಮತ್ತು ಯಾರಿಗೆ ಎಂದು ಪಕ್ಕದಲ್ಲಿ ಬರೆದುಕೊಳ್ಳಬೇಕು.

ಅಂಕಿಗೆ ಬೆಲೆಪಟ್ಟಿ ಜೋಡಿಸಿ

ತಾಲಿಬಾನ್ 2022ರ ಏಪ್ರಿಲ್‌ನಲ್ಲಿ ಗಸಗಸೆ ಬೆಳೆಯನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿಯ ಲೆಕ್ಕದಂತೆ ಬೆಳೆ ಪ್ರದೇಶ 2022ರಲ್ಲಿದ್ದ 2,33,000 ಹೆಕ್ಟೇರಿನಿಂದ 2023ರಲ್ಲಿ 10,800 ಹೆಕ್ಟೇರಿಗೆ, ಅಂದರೆ ಶೇ. 95ರಷ್ಟು ಇಳಿಯಿತು. ಇಲ್ಲಿಗೆ ನಿಲ್ಲಿಸಿದರೆ ಕಳ್ಳಸಾಗಣೆ ಮುಗಿಯಿತು ಅನ್ನಿಸುತ್ತದೆ. ಆದರೆ ಅಫೀಮಿನ ಬೆಲೆ ಹಲವು ಪಟ್ಟು ಏರಿತು, ಮೊದಲೇ ಕೂಡಿಟ್ಟಿದ್ದ ದೊಡ್ಡ ವ್ಯಾಪಾರಿಗೆ ಲಾಭವಾಯಿತು, ಕೂಡಿಡಲು ಏನೂ ಇಲ್ಲದ ಸಣ್ಣ ರೈತ ಸಾಲದಲ್ಲಿ ಬಿದ್ದ, ಈಶಾನ್ಯದ ಬದಕ್ಷಾನಿನಲ್ಲಿ ಬೆಳೆ ನಾಶ ಮಾಡಲು ಹೋದವರಿಗೂ ಊರಿನವರಿಗೂ 2024ರಲ್ಲಿ ಹೊಡೆದಾಟವಾಯಿತು. ಅಂಕಿಯನ್ನು ಯಾರು ಕೊಟ್ಟರೆಂದೂ ನೋಡಬೇಕು. ನಿರ್ಬಂಧಗಳ ಮೇಲೆ ಕಣ್ಣಿಡುವ ವಿಶ್ವಸಂಸ್ಥೆಯ ನಿಗಾ ತಂಡದ ವರದಿಗಳು ಉಪಯುಕ್ತ, ಆದರೆ ಅವು ಹೆಚ್ಚಾಗಿ ಸದಸ್ಯ ರಾಷ್ಟ್ರಗಳು ಒದಗಿಸುವ ಮಾಹಿತಿಯ ಮೇಲೆ ನಿಂತಿರುತ್ತವೆ, ಪ್ರತಿ ರಾಷ್ಟ್ರಕ್ಕೂ ಅದರದೇ ಹಿತಾಸಕ್ತಿಯಿರುತ್ತದೆ.

ಭಾರತದ ಸಾಲನ್ನು ಕೊನೆಯಲ್ಲಿ ಬರೆಯಿರಿ

ಮೊದಲೇ ಬರೆದರೆ ಇಡೀ ನಕ್ಷೆ ದೆಹಲಿಯ ಕಿಟಕಿಯಿಂದ ಕಂಡಂತಾಗುತ್ತದೆ. 1999ರ ಡಿಸೆಂಬರ್‌ನಲ್ಲಿ ಅಪಹರಿಸಿ ಕಂದಹಾರಿಗೆ ಒಯ್ದ ವಿಮಾನವನ್ನು ಬಿಡಿಸಿಕೊಳ್ಳಲು ಮಸೂದ್ ಅಜರ್ ಸೇರಿ ಮೂವರನ್ನು ಬಿಟ್ಟುಕೊಟ್ಟ ನೆನಪು ನಮ್ಮ ನೀತಿಯ ಹಿಂದೆ ಇದ್ದೇ ಇದೆ. 2021ರ ಆಗಸ್ಟ್‌ನಲ್ಲಿ ರಾಯಭಾರ ಕಚೇರಿಯ ಸಿಬ್ಬಂದಿಯನ್ನು ವಾಪಸ್ ಕರೆಸಿದ ಭಾರತ, 2022ರ ಜೂನ್‌ನಲ್ಲಿ "ತಾಂತ್ರಿಕ ತಂಡ"ವೆಂಬ ಹೆಸರಿನಲ್ಲಿ ಮತ್ತೆ ಕಾಬೂಲಿಗೆ ಹೋಯಿತು. ಕರ್ನಾಟಕಕ್ಕೂ ಇದು ತೀರ ದೂರದ ಮಾತಲ್ಲ: ವಿದೇಶಿ ಸೇನಾ ನೆಲೆಗಳಲ್ಲಿ ಕೆಲಸಕ್ಕಿದ್ದ ದಕ್ಷಿಣ ಕನ್ನಡದ ಹಲವರು ಆ ಆಗಸ್ಟ್‌ನಲ್ಲಿ ತೆರವಿನ ವಿಮಾನ ಹತ್ತಿ ಮನೆ ಸೇರಿದರು, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳು ವೀಸಾ ಮುಗಿದರೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಕುಳಿತರು, ಸಾರಿನ ಒಗ್ಗರಣೆಗೆ ಬೇಕಾದ ಇಂಗಿನ ಕಚ್ಚಾ ಅಂಟು ಬಹುಪಾಲು ಬರುವುದೂ ಆ ನಾಡಿನಿಂದಲೇ.

ಕೊನೆಗೆ, ಎಲ್ಲ ಎಳೆಗಳೂ ಸೇರಿದ ಒಂದು ತಿಂಗಳನ್ನು ಆರಿಸಿಕೊಂಡು ಅಭ್ಯಾಸ ಮಾಡಿ ನೋಡಿ. 2025ರ ಅಕ್ಟೋಬರ್ ಒಳ್ಳೆಯ ಆಯ್ಕೆ. ತಾಲಿಬಾನ್ ವಿದೇಶಾಂಗ ಸಚಿವ ಮುತ್ತಕಿ ದೆಹಲಿಯಲ್ಲಿದ್ದಾಗಲೇ ಕಾಬೂಲಿನಲ್ಲಿ ಸ್ಫೋಟಗಳ ಸದ್ದು ಕೇಳಿತು, ಡ್ಯುರಾಂಡ್ ರೇಖೆಯುದ್ದಕ್ಕೂ ಕಾಳಗ ಹತ್ತಿಕೊಂಡಿತು, ಭಾರತ ತನ್ನ ತಾಂತ್ರಿಕ ತಂಡವನ್ನು ಮತ್ತೆ ರಾಯಭಾರ ಕಚೇರಿ ಮಾಡುವುದಾಗಿ ಘೋಷಿಸಿತು, ಕತಾರ್ ಮತ್ತು ತುರ್ಕಿಯ ಮಧ್ಯಸ್ಥಿಕೆಯಲ್ಲಿ 19ರಂದು ದೋಹಾದಲ್ಲಿ ಕದನವಿರಾಮವಾಯಿತು. ಕದನವಿರಾಮದ ನಂತರವೂ ತೋರ್ಖಮ್ ಗೇಟು ಸರಕು ಲಾರಿಗಳಿಗೆ ತೆರೆಯಲಿಲ್ಲ. ಪಾಕಿಸ್ತಾನದ ಮಾರುಕಟ್ಟೆಯಲ್ಲಿ ಟೊಮೆಟೊ ಕಿಲೋಗೆ ಸುಮಾರು 600 ಪಾಕಿಸ್ತಾನಿ ರೂಪಾಯಿ ಮುಟ್ಟಿತು. ಆ ತಿಂಗಳ ನಿಮ್ಮ ಹಾಳೆಯಲ್ಲಿ ದೋಹಾದ ಸಹಿಯ ಕೆಳಗೆ ಟೊಮೆಟೊಗೂ ಒಂದು ಸಾಲು ಇರಲಿ.