ಹಳ್ಳದಂಚಿನ ಹತ್ತು ಮಾರು

ನಮ್ಮೂರ ಹಳ್ಳಕ್ಕೆ ನಕಾಶೆಯಲ್ಲಿ ಹೆಸರಿಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ನಮ್ಮ ತೋಟಗಳ ಮಗ್ಗುಲಲ್ಲೇ ಹರಿದು, ಮುಂದೆ ಇನ್ನೆರಡು ಹಳ್ಳ ಕೂಡಿಕೊಂಡು ಅಘನಾಶಿನಿ ನದಿಗೆ ಇಳಿಯುತ್ತದೆ. ನಾನು ಸಣ್ಣವನಿದ್ದಾಗ ಯುಗಾದಿ ಕಳೆದ ಮೇಲೂ ಅದರಲ್ಲಿ ನೀರಿನ ಸದ್ದಿತ್ತು. 2018ರ ಏಪ್ರಿಲ್‌ನಲ್ಲಿ ಎಮ್ಮೆ ಮಲಗುವ ಗುಂಡಿ ಒಂದು ಬಿಟ್ಟರೆ ಉಳಿದದ್ದು ಒಣ ಉಸುಕು. ಆ ತಿಂಗಳು ಒಂಬತ್ತು ಮನೆಯವರು ಕೂತು ಮಾತಾಡಿದೆವು.

ಮಳೆ ಹಿಂದಿನ ಹಾಗಿಲ್ಲ, ಪಂಪ್‌ಸೆಟ್ಟು ಜಾಸ್ತಿಯಾಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಹಳ್ಳದುದ್ದ ನಡೆದುಕೊಂಡು ಹೋದಾಗ ಕಣ್ಣಿಗೆ ಬಿದ್ದದ್ದು ನಮ್ಮದೇ ಕತ್ತಿಯ ಕೆಲಸ. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ (ಗೊಬ್ಬರದ ಸೊಪ್ಪು ಕಡಿಯುವ ಕಾಡು) ಬಿಟ್ಟುಕೊಟ್ಟ ಜಿಲ್ಲೆ ನಮ್ಮದು. ಹಾಗಿದ್ದರೂ ಗುಡ್ಡ ಹತ್ತುವ ಬೇಸರಕ್ಕೆ, ಹೊರೆ ಹೊರಲು ಹತ್ತಿರವೆಂದು, ಹಳ್ಳದಂಚಿನ ಮರಗಳನ್ನೇ ವರ್ಷ ವರ್ಷ ಸವರಿದ್ದೆವು. ನೆರಳು ಹೋದಲ್ಲೆಲ್ಲ ಯುಪಟೋರಿಯಂ ಕಳೆ ಆಳೆತ್ತರ ಎದ್ದಿತ್ತು. ಅದರ ಕೆಳಗೆ ಒಂದು ಮರದ ಸಸಿಯೂ ಇರಲಿಲ್ಲ.

ಹಳ್ಳದ ಎರಡೂ ಕಡೆ ಹತ್ತು ಮಾರಿನೊಳಗೆ ಯಾರೂ ಸೊಪ್ಪು ಕಡಿಯುವುದಿಲ್ಲ, ಉದುರಿದ ಒಣ ಎಲೆಯ ದರಕೂ ಗುಡಿಸುವುದಿಲ್ಲ ಎಂದು ಮಾತಾಯಿತು. ಬೆಟ್ಟ ಅರಣ್ಯದ ಜಾಗವಾದ್ದರಿಂದ ಇಲಾಖೆಯವರಿಗೂ ತಿಳಿಸಿದೆವು. ಕೆಲಸಕ್ಕೆ ಮುರಿಯಾಳು ಪದ್ಧತಿಯನ್ನೇ ಹಿಡಿದೆವು: ಈ ಭಾನುವಾರ ನಿಮ್ಮ ಬೆಟ್ಟದ ಅಂಚು, ಮುಂದಿನ ಭಾನುವಾರ ನಮ್ಮದು. ಆಸರಿ (ಕುಡಿಯುವುದಕ್ಕೆ) ಆಯಾ ಮನೆಯದು.

ಮೊದಲ ವರ್ಷ ಹುಮ್ಮಸ್ಸಿನಲ್ಲಿ ದೊಡ್ಡ ತಪ್ಪು ಮಾಡಿದೆವು. ಯುಪಟೋರಿಯಂ ಚಳಿಗಾಲದಲ್ಲಿ ಹೂಬಿಟ್ಟು ಬೇಸಿಗೆಯ ಗಾಳಿಗೆ ಬೀಜ ಹಾರಿಸುತ್ತದೆ. ಹೂವಿಗೆ ಮೊದಲೇ, ನೆಲ ಹಸಿಯಿರುವಾಗ ಕೀಳಬೇಕು. ಇದು ಸರಿಯೇ. ನವೆಂಬರ್‌ನಲ್ಲಿ ಹಳ್ಳದ ತಿರುವಿನ ಇಡೀ ದಂಡೆಯನ್ನು ಪಿಕಾಸಿ ಹಾಕಿ ಬುಡಸಹಿತ ಕಿತ್ತು ಬೋಳಿಸಿಬಿಟ್ಟೆವು. ಜೂನ್‌ನಲ್ಲಿ ಅಲ್ಲೇ ನರ್ಸರಿಯಿಂದ ತಂದ ಇನ್ನೂರು ಸಸಿ ನೆಟ್ಟೆವು. 2019ರ ಆಗಸ್ಟ್‌ನ ಆ ಮಳೆಯನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ನೆರೆ ಇಳಿದಾಗ ಸಸಿಯೂ ಇಲ್ಲ, ಸಸಿ ನಿಂತಿದ್ದ ದರೆಯೂ ಇಲ್ಲ. ಕಳೆಯಾದರೂ ಅದರ ಬೇರು ಮಣ್ಣು ಹಿಡಿದಿತ್ತು.

ಅಲ್ಲಿಂದ ಕ್ರಮ ಬದಲಾಯಿತು. ಕಡಿದಾದ ದಂಡೆಯಲ್ಲಿ ಯುಪಟೋರಿಯಂ ಕೀಳುವುದಿಲ್ಲ, ಹೂವಿಗೆ ಮೊದಲು ಸವರುತ್ತೇವೆ. ಚಿಗುರುತ್ತದೆ, ಮತ್ತೆ ಸವರುತ್ತೇವೆ. ನೀರಿನಂಚಿಗೆ ಮೊದಲು ಕೇದಗೆ ಜಾತಿಯ ಮುಂಡಿಗೆ. ಅದರ ಗೆಲ್ಲು ಮುರಿದು ಊರಿದರೂ ಬೇರು ಬಿಡುತ್ತದೆ, ನೆರೆಗೆ ಬಾಗಿ ಮತ್ತೆ ಏಳುತ್ತದೆ. ಅದರ ಹಿಂದೆ ವಾಟೆ ಬಿದಿರು. ಮರದ ಸಸಿಗಳು ಇವೆರಡರ ಮೇಲಿನ ಮಟ್ಟದಲ್ಲಿ, ಅದೂ ದೊಡ್ಡ ಮಳೆ ಕಳೆದ ಮೇಲೆ. ಮೊದಲೆರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಬೇಕಾಗುತ್ತದೆ. ಹೊತ್ತೆವು.

ನರ್ಸರಿಯಲ್ಲಿ ಹಳ್ಳದ ಮರಗಳು ಸಿಗುವುದು ಅಪರೂಪ. ಯಾಕೆಂದು ತಿಳಿದದ್ದು ಜಾಯಿಕಾಯಿ ಜಾತಿಯ ಕಾಡುಮರ ರಾಮಪತ್ರೆಯಿಂದ. ಬೀಜದ ಮೇಲಿನ ಪತ್ರೆ ಬಿಡಿಸಿ ಮಾರುವವರು ಬೀಜವನ್ನು ಎಸೆಯುತ್ತಾರೆ. ಒಂದು ಬುಟ್ಟಿ ಬೀಜ ತಂದು, ಅಡಿಕೆ ಬೆಳೆಗಾರನ ಅಭ್ಯಾಸದಂತೆ ಅಂಗಳದಲ್ಲಿ ಹರವಿದೆ. ಪಕ್ಕದ ಮನೆಯ ಅಮ್ಮಮ್ಮ ಬಂದವರು ನೋಡಿ, “ತಮಾ, ಅದೆಂತ ಅಡಕೆಯನ, ಒಣಗ್ಸಲೆ? ಹಸೀದೇ ಹುಗ್ಯವು” ಎಂದರು. ಅಷ್ಟರಲ್ಲಿ ನಾಲ್ಕು ದಿನದ ಬಿಸಿಲಾಗಿತ್ತು. ಆ ಬುಟ್ಟಿಯಲ್ಲಿ ಒಂದೂ ಮೊಳೆಯಲಿಲ್ಲ. ನೀರಿನ ಪಕ್ಕದ ಈ ಮರಗಳ ಬೀಜಕ್ಕೆ ಒಣಗಿ ಕಾಯುವ ಶಕ್ತಿಯಿಲ್ಲ. ಹೈಗದ ಮರದ ರೆಕ್ಕೆಬೀಜವೂ ಹಾಗೆಯೇ, ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ಸೇರಬೇಕು. ಈಗ ಪತ್ರೆ ಬಿಡಿಸುವ ಮನೆಗಳಿಗೆ ಅದೇ ದಿನ ಸಂಜೆ ಹೋಗುತ್ತೇವೆ, ಬೀಜವನ್ನು ಹಸಿ ಉಸುಕಿನಲ್ಲಿ ಹುಗಿದು ಅಡಿಕೆ ಮರದ ನೆರಳಲ್ಲಿಡುತ್ತೇವೆ. ಮೊಳಕೆ ಕಾಣಲು ತಿಂಗಳು ದಾಟುತ್ತದೆ; ತಾಳ್ಮೆಗೆಟ್ಟು ಕೆದಕಿ ನೋಡಬಾರದು. ಸಸಿಗೆ ಪ್ಲಾಸ್ಟಿಕ್ ಬೇಡ, ಅಡಿಕೆ ಹಾಳೆಯ ಕೊಟ್ಟೆಯೇ ಸಾಕು, ಅದರ ಸಮೇತ ನೆಡಬಹುದು.

ಹುಳಿಹಣ್ಣಿನ ಮರ ಉಪ್ಪಾಗೆಯನ್ನು ನಾನು ಹಟ ಹಿಡಿದು ಸೇರಿಸಿದೆ. ತೂಕ ಇಳಿಸುವ ಔಷಧಕ್ಕೆಂದು ಅದರ ಸಿಪ್ಪೆಗೆ ಬೆಲೆ ಬಂದ ಕಾಲದಲ್ಲಿ ಕಾಯಿಗಾಗಿ ಗೆಲ್ಲುಗೆಲ್ಲೇ ಕಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಿಂಗಳೀಕಕ್ಕೂ ಆ ಹಣ್ಣು ಬೇಕು.

ಬೇಲಿ ಹಾಕುವಾಗ ದನ ನೀರಿಗಿಳಿಯುವ ದಾರಿ ಬಿಟ್ಟು, ಗಳ ಸರಿಸಿ ದಾಟುವ ದಣಪೆ ಇಟ್ಟೆವು. ಅದಿಲ್ಲದಿದ್ದರೆ ಬೇಲಿ ಒಂದು ವಾರವೂ ಉಳಿಯುತ್ತಿರಲಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆದ ಮೇಲೆ ಡ್ರಮ್ಮು ತೊಳೆಯುವುದನ್ನು ಹಳ್ಳದಿಂದ ತೋಟಕ್ಕೆ ತಂದದ್ದಕ್ಕೆ ಮಾತ್ರ ತುಂಬಾ ಹೇಳಬೇಕಾಯಿತು. ಆ ಔಷಧಿ ಬೋರ್ಡೋ ದ್ರಾವಣ; ಅದರ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ಮೊಟ್ಟೆಯಿಡಲು ಹತ್ತುಮೀನು ಹಳ್ಳದಲ್ಲಿ ಮೇಲೇರುವ ಕಾಲವೂ ನಮ್ಮ ಮೊದಲ ಔಷಧಿಯ ಕಾಲವೂ ಹತ್ತಿರ ಹತ್ತಿರವೇ. ಪಂಪಿನ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಎಮ್ಮೆ ಗುಂಡಿಯಿಂದ ಮಾತ್ರ ಯಾರೂ ಎತ್ತುವುದಿಲ್ಲ.

ನೆರಳು ಬಂದ ಕಡೆ ಯುಪಟೋರಿಯಂ ತಾನಾಗಿ ಸೊರಗಿದೆ. ನಾವು ನೆಡದ ಸಸಿಗಳೂ ದರಕಿನಡಿಯಿಂದ ಎದ್ದಿವೆ, ಅದಕ್ಕೇ ಈಗ ಸವರುವ ಮುನ್ನ ಬಗ್ಗಿ ನೋಡುತ್ತೇವೆ. ನಾವು ಬೋಳಿಸಿದ ಆ ತಿರುವು ಮಾತ್ರ ಇನ್ನೂ ಕೆಂಪಗೆ ಕಾಣುತ್ತದೆ. ಮುಂಡಿಗೆ ಎರಡು ಸಲ ಹೋಗಿ ಮೂರನೆಯ ಸಲ ನಿಂತಿದೆ. ಮಳೆಗಾಲ ಮುಗಿದ ಮೊದಲ ಭಾನುವಾರ ಎಲ್ಲರೂ ಸೇರುವುದು ಅಲ್ಲಿಯೇ, ಗೆಲ್ಲು ಹಿಡಿದುಕೊಂಡು.