ಕಸೂತಿಯಿಂದ ಚಿನ್ನದ ರೇಕಿನವರೆಗೆ

ನನಗೆ ಸೂಜಿ ಹಿಡಿಯಲು ಕಲಿಸಿದ್ದು ಧಾರವಾಡದಲ್ಲಿ ನಮ್ಮ ಅವ್ವ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕುವ ಹಾಗಿರಲಿಲ್ಲ. ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ ಎಲ್ಲ ಮೂಡಬೇಕು. ಗವಂತಿ ಹೊಲಿಗೆಯಲ್ಲಿ ಜಾಗ ಬಿಟ್ಟು ಬಿಟ್ಟು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ತುಂಬಬೇಕು. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಅವ್ವ ಬಟ್ಟೆ ತಿರುವಿ ಹಿಂಬದಿಯನ್ನೇ ಮೊದಲು ನೋಡುತ್ತಿದ್ದಳು.

ಮುಂದೆ ಶಾಲೆಯಲ್ಲಿ ಟೀಚರ್ ಆದೆ. ಅಷ್ಟು ವರ್ಷ ಕೈಬಿಡದೆ ಉಳಿದದ್ದು ಕಸೂತಿ ಒಂದೇ. ಹತ್ತು ನಿಮಿಷ ಸಿಕ್ಕರೆ ಒಂದು ಸಾಲು ಹಾಕಿ, ಸೂಜಿ ಚುಚ್ಚಿಟ್ಟು ಕ್ಲಾಸಿಗೆ ಹೋಗಬಹುದಿತ್ತು. ಬಣ್ಣದ ಕೆಲಸ ಹಾಗಲ್ಲ, ಅದಕ್ಕೆ ಒಂದೇ ಸಮನೆ ಕೂರಬೇಕು. ನಿವೃತ್ತಿಯಲ್ಲಿ ನನಗೆ ಸಿಕ್ಕಿದ್ದು ಅದೇ, ಯಾರೂ ತುಂಡು ಮಾಡದ ಬೆಳಗು.

ಮೊದಲು ಹಸೆ ಚಿತ್ತಾರ ಕಲಿತೆ. ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಚಿತ್ರ ಅದು. ಪುಂಡಿ ನಾರಿನ ಕುಂಚದಲ್ಲಿ ನೇರ ಗೆರೆ ಎಳೆಯುವುದು ಎಷ್ಟು ಕಷ್ಟ ಅಂತ ಕೂತಾಗಲೇ ಗೊತ್ತಾಯಿತು.

ಆಮೇಲೆ ಮಗಳ ಮನೆ ಅಂತ ಮೈಸೂರಿಗೆ ಬಂದೆ. ಇಲ್ಲಿ ಮೈಸೂರು ಶೈಲಿಯ ಚಿತ್ರ ಕಲಿಯುತ್ತಿದ್ದೇನೆ. ಹಿಂದಿನವರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಬರೆಯುತ್ತಿದ್ದರು. ಕಿರೀಟ, ಒಡವೆ, ಸೀರೆಯ ಅಂಚು ಉಬ್ಬಿ ಕಾಣಲು ಬಿಳಿ ಸೀಸದ ಪುಡಿ, ಮಕ್ಕಿ ಅನ್ನುವ ಹಳದಿ ಅಂಟು, ಗೋಂದು ಸೇರಿಸಿ ಹಚ್ಚುತ್ತಿದ್ದರು. ಈಗ ನಾವು ಜಿಂಕ್ ಆಕ್ಸೈಡ್ ಬಳಸುತ್ತೇವೆ. ಅದರ ಮೇಲೆ ಚಿನ್ನದ ರೇಕು, ಅಂದರೆ ತೀರಾ ತೆಳುವಾದ ಚಿನ್ನದ ಹಾಳೆ, ಕೂರಿಸುವುದು. ತಂಜಾವೂರು ಚಿತ್ರದಷ್ಟು ಉಬ್ಬು ಇಲ್ಲಿ ಬೇಡ. ನನ್ನ ಮೊದಲ ಲಕ್ಷ್ಮಿಯ ಕಿರೀಟಕ್ಕೆ ಆಸೆಯಿಂದ ಒಂದೇ ಸಲ ದಪ್ಪ ಹಚ್ಚಿದ್ದೆ. ಮಾರನೇ ದಿನ ನೋಡಿದರೆ ಪೂರ್ತಿ ಬಿರುಕು! ತುಂಬ ಬೇಜಾರಾಯಿತು. ಕೆರೆದು ತೆಗೆದು, ತೆಳುವಾಗಿ ಒಂದು ಪದರ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಹಚ್ಚಿದೆ. ಮುತ್ತಿನ ಚುಕ್ಕೆ ಇಡುವಾಗ ಮಾತ್ರ ಕೈ ತಡವರಿಸಲಿಲ್ಲ. ಎಳೆ ಎಣಿಸಿದ ಕಣ್ಣು ಅಲ್ವಾ, ಅಂತರ ತಾನಾಗೇ ಸರಿ ಬಂತು.

ಚಿನ್ನದ ಕೆಲಸ ಬೆಳಗಿನ ಬೆಳಕಲ್ಲೇ ಆಗಬೇಕು. ಸಂಜೆ ಕಣ್ಣು ದಣಿದಿರುತ್ತದೆ, ಆಗ ಮೊಮ್ಮಗಳ ಜೊತೆ ಮ್ಯಾಟಿ ಬಟ್ಟೆ ಹಿಡಿದು ಕೂರುತ್ತೇನೆ. ಅದರ ನೇಯ್ಗೆ ದೊಡ್ಡದು, ಮಕ್ಕಳಿಗೂ ಎಣಿಸಲು ಸುಲಭ. ಮೊನ್ನೆ ಅವಳ ಮೊದಲ ಗವಂತಿ ಸಾಲು ಮುಗಿಯಿತು. ತಿರುವಿ ನೋಡಿದೆ, ಹಿಂದೆ ಒಂದು ಗಂಟು ಇತ್ತು. ಇಬ್ಬರೂ ಸೇರಿ ಬಿಚ್ಚಿ ಮತ್ತೆ ಶುರು ಮಾಡಿದೆವು.