ಒಂದು ಗುಂಡೂ ಹಾರದ ಯುದ್ಧದ ಕಾದಂಬರಿ: ನನ್ನ ಅನುಭವ

ಕಾರ್ಗಿಲ್ ಯುದ್ಧ ಮುಗಿಸಿ ಚಿತ್ರದುರ್ಗಕ್ಕೆ ಮರಳಿದ ಸೈನಿಕನೊಬ್ಬನ ಮೇಲೆ ಕಾದಂಬರಿ ಬರೆಯುತ್ತೇನೆ, ಅದರಲ್ಲಿ ಒಂದೇ ಒಂದು ಗುಂಡೂ ಹಾರಬಾರದು ಅಂತ ನಾನು ಹೇಳಿದಾಗ, ದಾವಣಗೆರೆಯ ನಮ್ಮ ಬರೆಯುವ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಕಾರ್ಗಿಲ್ ಅಂದ್ಮೇಲೆ ಟೈಗರ್ ಹಿಲ್ ಹತ್ತಿಸಲೇಬೇಕು ಮೇಷ್ಟ್ರೇ, ಇಲ್ಲಾಂದ್ರೆ ಓದೋರು ಯಾರು?" ಅಂತ ಒಬ್ಬರು ಮುಖಕ್ಕೇ ಹೇಳಿದರು. ಟೈಗರ್ ಹಿಲ್ ಅಂದರೆ ಆ ಯುದ್ಧದಲ್ಲಿ ನಮ್ಮವರು ಗೆದ್ದ ಶಿಖರ. ಈಗ ಆ ಪುಸ್ತಕದ ಮೊದಲ ಮುದ್ರಣದ ಪ್ರತಿಗಳೆಲ್ಲ ಖಾಲಿಯಾಗಿವೆ. ಅದಕ್ಕೇ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಪಾತ್ರ, ನಿರೂಪಣೆ, ಅಧ್ಯಾಯ ಕಟ್ಟುವುದು ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲ ಕರಡು ಮುನ್ನೂರು ಪುಟ ದಾಟಿತ್ತು. 1999ರ ಮೇ ತಿಂಗಳಿಂದ ಜುಲೈ 26ರವರೆಗೆ ಎಲ್ಲ ಇತ್ತು. ದ್ರಾಸ್ ಪಟ್ಟಣ, ತೊಲೊಲಿಂಗ್ ಶಿಖರ, ಬೊಫೋರ್ಸ್ ತೋಪು, ಕತ್ತಲಲ್ಲಿ ಬಂಡೆ ಹತ್ತುವುದು. ಮೂರ್ನಾಲ್ಕು ಪ್ರಕಾಶಕರು ವಾಪಸ್ ಕಳಿಸಿದರು. ಓದಿದ ಗೆಳೆಯರಿಗೆ ಯೋಧ ಇಷ್ಟವಾಗಿದ್ದ. ಅವನ ಎದೆ ಮೇಲಿನ ಭಾರ ಮಾತ್ರ ಯಾರಿಗೂ ತಟ್ಟಿರಲಿಲ್ಲ. ತೋಪಿನ ಸದ್ದು ಅಷ್ಟು ಜೋರಾಗಿದ್ದರೆ ಮನುಷ್ಯನ ದನಿ ಎಲ್ಲಿ ಕೇಳುತ್ತದೆ?

ಎರಡನೇ ಕರಡಿಗೆ ಒಬ್ಬ ಮನೋವೈದ್ಯರನ್ನು ತಂದೆ. ಅವರು ರೋಗದ ಹೆಸರು ಹೇಳಿದ ಪುಟದಲ್ಲೇ ಕಥೆ ಕುಸಿಯಿತು. ಹೆಸರು ಸಿಕ್ಕಿತು ಅಂದರೆ ಓದುಗ ನಿರಾಳವಾಗಿಬಿಡುತ್ತಾನೆ, ಅಲ್ವಾ? ಮೂರನೆಯದು ಪೂರ್ತಿ ಪತ್ರಗಳಲ್ಲಿತ್ತು, 56 ಎಪಿಒ ಅನ್ನುವ ಸೇನಾ ಅಂಚೆ ಕಚೇರಿಯ ವಿಳಾಸದಿಂದ ಮನೆಗೆ ಬರೆದ ಪತ್ರಗಳು. ಆದರೆ ಸೈನಿಕ ಮನೆಗೆ ಬರೆಯುವುದು "ನಾನು ಕ್ಷೇಮ, ಎಮ್ಮೆ ಕರು ಹಾಕಿತಾ, ಅಪ್ಪನ ಕಣ್ಣು ಹೇಗಿದೆ" ಇಷ್ಟೇ. ಹತ್ತು ಪುಟ ಚೆನ್ನಾಗಿರುತ್ತದೆ. ಇನ್ನೂರು ಪುಟ ಎಳೆಯಲು ಆಗಲ್ಲ. ಇದನ್ನು ನಾನೇ ಅಚ್ಚು ಹಾಕಿಸೋಣ ಅಂತ ಮುದ್ರಣದವರೊಬ್ಬರಿಗೆ ಇಪ್ಪತ್ತು ಸಾವಿರದಷ್ಟು ಮುಂಗಡ ಕೊಟ್ಟಿದ್ದೆ. ಅವರು ಅಂಗಡಿ ಮುಚ್ಚಿದರು. ದುಡ್ಡು ಇವತ್ತಿಗೂ ಬಂದಿಲ್ಲ. ಆ ವರ್ಷದ ಮೆಕ್ಕೆಜೋಳದ ಲಾಭ ಪೂರ್ತಿ ಅಲ್ಲಿಗೇ ಹೋಯಿತು.

ದಾರಿ ಸಿಕ್ಕಿದ್ದು ಮಾಜಿ ಸೈನಿಕರಿಂದಲೇ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಸುತ್ತಿದೆ. "ಯುದ್ಧದ ಬಗ್ಗೆ ಹೇಳಿ ಸರ್" ಅಂದರೆ ಎಲ್ಲರ ಬಾಯಿಂದಲೂ ಒಂದು ಸಿದ್ಧ ಭಾಷಣ ಬರುತ್ತದೆ. ತಪ್ಪು ಅವರದಲ್ಲ. ಪ್ರತಿ ಆಗಸ್ಟ್ 15ಕ್ಕೆ ಶಾಲೆಗಳವರು ಕರೆದು ಅದನ್ನೇ ಹೇಳಿಸುತ್ತಾರೆ, ಹೇಳಿ ಹೇಳಿ ನುಣುಪಾಗಿದೆ. ಒಂದು ದಿನ ಒಬ್ಬ ಸುಬೇದಾರರಿಗೆ ನಾನು ಬೇರೆಯೇ ಕೇಳಿದೆ: "ಅಲ್ಲಿ ಕುಡಿಯೋಕೆ ನೀರು ಹೆಂಗ್ ಮಾಡ್ಕೊಳ್ತಿದ್ರಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಾತು ಸುರಿಯಿತು. ಸೀಮೆಎಣ್ಣೆ ಸ್ಟೌ ಮೇಲೆ ಹಿಮ ಕರಗಿಸುವುದು, ಚಹಾಕ್ಕೂ ಅನ್ನಕ್ಕೂ ಅದೇ ವಾಸನೆ, ಬೆವರಿಗೆ ಒದ್ದೆಯಾದ ಸಾಕ್ಸನ್ನು ಹೊಟ್ಟೆಗೆ ಒತ್ತಿಕೊಂಡು ಮೈ ಬಿಸಿಗೆ ಒಣಗಿಸುವುದು. "ಇದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ನೋಡಿ ಮೇಷ್ಟ್ರೇ" ಅಂದರು.

ಅಲ್ಲಿಂದ ನನ್ನ ವಿಧಾನ ಶುರು. ಒಂದು ಉದ್ದ ಲೆಕ್ಕದ ಪುಸ್ತಕ ತಂದೆ. ಪುಟದ ನಡುವೆ ಗೆರೆ ಎಳೆದೆ. ಎಡಗಡೆ 'ಅಲ್ಲಿ', ಬಲಗಡೆ 'ಇಲ್ಲಿ'. ಅಲ್ಲಿ ಕೈಕಾಲು ಕಲಿತದ್ದು ಎಡಕ್ಕೆ. ಅದೇ ಅಭ್ಯಾಸ ಊರಿಗೆ ಬಂದ ಮೇಲೆ ಹೇಗೆ ಕಾಣುತ್ತದೆ ಅನ್ನುವುದು ಬಲಕ್ಕೆ. ನಿಯಮ ಒಂದೇ: ಎಡಗಡೆಯ ಒಂದು ಸಾಲೂ ಕಾದಂಬರಿಗೆ ಬರಬಾರದು. ನೆನಪಾಗಿ ಬರಬಾರದು, ಕನಸಾಗಿ ಬರಬಾರದು, ಯಾರ ಬಾಯಲ್ಲೂ ಬರಬಾರದು.

ಎಡಕ್ಕೆ: ಬೀಡಿಯ ಕೆಂಡ ದೂರಕ್ಕೆ ಕಾಣಬಾರದು ಅಂತ ಅಂಗೈಯೊಳಗೆ ಮುಚ್ಚಿ ಸೇದುವುದು. ಬಲಕ್ಕೆ: ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಟಮಟ ಮಧ್ಯಾಹ್ನ ಅವನು ಹಾಗೇ ಸೇದುತ್ತಾನೆ. ಎಡಕ್ಕೆ: ಸಾಕ್ಸು. ಬಲಕ್ಕೆ: ಮಳೆಯಲ್ಲಿ ನೆನೆದು ಬಂದ ಮೊಮ್ಮಗಳ ಶಾಲೆ ಸಾಕ್ಸನ್ನು ಅಂಗಿಯೊಳಗೆ ಹಾಕಿಕೊಂಡು ಜಗಲಿ ಮೇಲೆ ಕೂತಿರುತ್ತಾನೆ. ಸೊಸೆ ನೋಡಿ ಅಸಹ್ಯಪಡುತ್ತಾಳೆ. ಅವನು ಏನೂ ಹೇಳಲ್ಲ. ಈ ಪುಟ ಓದಿ ಒಬ್ಬ ಹವಾಲ್ದಾರರ ಮಗಳು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಅತ್ತರು. ಮುನ್ನೂರು ಪುಟದ ಯುದ್ಧ ಬರೆದಾಗ ಒಬ್ಬರೂ ಫೋನ್ ಮಾಡಿರಲಿಲ್ಲ.

ಜಾಸ್ತಿ ದಿನ ತಗೊಂಡಿದ್ದು ಹೆಣಗಳ ವಿಷಯ. ಕಾರ್ಗಿಲ್‌ನಲ್ಲಿ ಸತ್ತ ತನ್ನ ಎಷ್ಟೋ ಸೈನಿಕರನ್ನು ಪಾಕಿಸ್ತಾನ ತನ್ನವರು ಅಂತ ಒಪ್ಪಿಕೊಳ್ಳಲಿಲ್ಲ. ನಮ್ಮ ಸೈನಿಕರೇ ಅವರನ್ನು ಅವರ ಧರ್ಮದ ಪದ್ಧತಿಯಂತೆ ಮಣ್ಣು ಮಾಡಿದರು. ನಿನ್ನೆ ಗುಂಡು ಹೊಡೆದವನಿಗೆ ಇವತ್ತು ಗುಂಡಿ ತೆಗೆಯಬೇಕು. ಇದು ದ್ವೇಷವೂ ಅಲ್ಲ, ಬರೀ ಪಶ್ಚಾತ್ತಾಪವೂ ಅಲ್ಲ. ಇದನ್ನು ಬಲಗಡೆ ಹೇಗೆ ಬರೆಯುವುದು? ತಿಂಗಳುಗಟ್ಟಲೆ ಆ ಜಾಗ ಖಾಲಿ ಇತ್ತು. ಕೊನೆಗೆ ಸಿಕ್ಕಿತು. ಚಿತ್ರದುರ್ಗದ ಕೋಟೆ ಕೆಳಗಿನ ತನ್ನ ಬೀದಿಯಲ್ಲಿ ಯಾವ ಜಾತಿಯವರ ಮನೆಯಲ್ಲಿ ಸಾವಾದರೂ ನನ್ನ ನಾಯಕ ಗುದ್ದಲಿ ಹಿಡಿದು ಹೊರಡುತ್ತಾನೆ. ಯಾರೂ ಕರೆದಿರಲ್ಲ. ದುರ್ಗದ ನೆಲ ಗೊತ್ತಲ್ಲ, ಒಂದಡಿ ಕೆಳಗೆ ಬಂಡೆ. ಅವನು ನಿಲ್ಲಿಸದೆ ಅಗೆಯುತ್ತಾನೆ. ಜನ ಅವನನ್ನು ಪುಣ್ಯಾತ್ಮ ಅನ್ನುತ್ತಾರೆ. ಅವನಿಗೆ ಆ ಮಾತು ಕೇಳಲಾಗದೆ ಮನೆಗೆ ಬೇರೆ ದಾರಿಯಲ್ಲಿ ಬರುತ್ತಾನೆ. ನಾನು ಬರೆದದ್ದರಲ್ಲೆಲ್ಲ ಅದು ಒಳ್ಳೆಯ ಅಧ್ಯಾಯ ಅಂತ ಧೈರ್ಯವಾಗಿ ಹೇಳುತ್ತೇನೆ.

ಎರಡು ವಸ್ತು ನಿಷೇಧ ಮಾಡಿದ್ದೆ: ದೀಪಾವಳಿ ಪಟಾಕಿಗೆ ಬೆಚ್ಚಿಬೀಳುವುದು, ಸೇನೆಯ ಕ್ಯಾಂಟೀನಿನ ರಮ್ಮು. ಎರಡೂ ಎಲ್ಲರ ಕಥೆಯಲ್ಲೂ ಇವೆ. ನನ್ನವನು ಕುಡಿಯಲ್ಲ. ಅವನು ಏಳುವುದು ಸದ್ದಿಗಲ್ಲ, ಸದ್ದು ನಿಂತಾಗ. ರಾತ್ರಿ ಕರೆಂಟು ಹೋಗಿ ಫ್ಯಾನ್ ನಿಂತ ತಕ್ಷಣ ಎದ್ದು ಬಾಗಿಲ ಬಳಿ ನಿಲ್ಲುತ್ತಾನೆ. ಹೆಂಡತಿ ಅವನ ಭುಜ ಮುಟ್ಟಿ ಎಬ್ಬಿಸುವುದಿಲ್ಲ. ಕಾಲ ಕಡೆ ದೂರ ನಿಂತು ಹೆಸರು ಹಿಡಿದು ಕರೆಯುತ್ತಾಳೆ. ಉಳಿದ ಹೊತ್ತಲ್ಲಿ ಗಂಡನ ಹೆಸರು ಹೇಳದ ಹೆಂಗಸು. ಇಂಥ ವಿವರ ಮನೆಯ ಹೆಣ್ಣುಮಕ್ಕಳೇ ಕೊಡಬೇಕು. ಅವರನ್ನು ಹೇಗೆ ಮಾತಿಗೆ ಎಳೆದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಕೊನೆಯ ಮೂರು ಅಧ್ಯಾಯಗಳ ಕ್ರಮ ಯಾಕೆ ಹಾಗಿದೆ ಅನ್ನುವುದನ್ನೂ ಹೇಳಲ್ಲ.

ಇನ್ನೊಂದು ವಿಷಯ. ಬಹಳ ಜನ ಮಾಜಿ ಸೈನಿಕರಿಗೆ ಯುದ್ಧ ನಡೆದ ಜಾಗಕ್ಕೆ ವಾಪಸ್ ಹೋಗಬೇಕು ಅನಿಸುತ್ತಿರುತ್ತದೆ. ಜೊತೆಯವರು ಸತ್ತ ಜಾಗವೇ ಅವರಿಗೆ ಮನೆಗಿಂತ ಹತ್ತಿರ. ಹೆಂಡತಿ ಮುಂದೆ ಇದನ್ನು ಹೇಗೆ ಹೇಳುವುದು? ಭಯಕ್ಕಿಂತ ಇದನ್ನು ಮುಚ್ಚಿಡುವುದೇ ದೊಡ್ಡ ಹೊರೆ. ಇದನ್ನು ಬರೆಯದೆ ಸೈನಿಕನ ಕಥೆ ಮುಗಿಯಲ್ಲ.

ಮಧ್ಯೆ ಬೇಸರವಾದಾಗ ಒಂದು ಪ್ರಯೋಗ ಮಾಡಿದೆ. ಒನಕೆ ಓಬವ್ವನ ಕಿಂಡಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅವಳು ನೀರಿಗೆ ಹೋದಳು, ಗಂಡ ಕಹಳೆಯ ಮುದ್ದಹನುಮ ಊಟಕ್ಕೆ ಕೂತಿದ್ದ. ಹೈದರನ ಕಡೆಯವರು ಕಿಂಡಿಯಲ್ಲಿ ನುಸುಳಿದರು, ಅವಳು ಒನಕೆ ಎತ್ತಿದಳು. ನನ್ನನ್ನು ಕಾಡಿದ್ದು ಆ ಗಂಡ. ಮಾರನೇ ದಿನ ಅದೇ ಹೊತ್ತಿಗೆ ಅವನ ಮುಂದೆ ಯಾರೋ ತಟ್ಟೆ ಇಟ್ಟಿರಬೇಕಲ್ಲ? ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರನ ಪಾಲಾಯಿತು. ನಾನು ಅಲ್ಲಿಯವರೆಗೂ ಅವನನ್ನು ಬದುಕಿಸಿ, ಬರೀ ಅವನ ಊಟಗಳನ್ನಷ್ಟೇ ಬರೆದೆ. ಹನ್ನೆರಡು ಪುಟದ ಕಥೆ ಆಯಿತು. ಒಂದು ಪತ್ರಿಕೆಯಲ್ಲಿ ಬಂತು, ಸಾವಿರ ರೂಪಾಯಿ ಆಸುಪಾಸು ಸಂಭಾವನೆಯೂ ಸಿಕ್ಕಿತು. ಎಡಗಡೆ ಬರೆಯಲು ಸಾಕ್ಷಿ ಇಲ್ಲದ ಕಾಲಕ್ಕೂ ಈ ವಿಧಾನ ನಡೆಯುತ್ತದೆ ಅಂತ ಗೊತ್ತಾಯಿತು.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಐನೂರು ಪ್ರತಿಗೆ ಡಿಟಿಪಿ (ಅಕ್ಷರ ಜೋಡಣೆ), ಮುಖಪುಟ, ಅಚ್ಚು, ಬೈಂಡಿಂಗ್ ಸೇರಿ ಐವತ್ತೆಂಟು ಸಾವಿರದ ಹತ್ತಿರ. ಬೆಲೆ 180 ಇಟ್ಟೆ. ಅಂಗಡಿಯವರಿಗೆ ಕೊಟ್ಟದ್ದು ಕಡಿಮೆ, ಕಮಿಷನ್‌ಗೇ ಮೂರರಲ್ಲೊಂದು ಪಾಲು ಹೋಗುತ್ತದೆ. ಮುನ್ನೂರರಷ್ಟು ಪ್ರತಿ ಕೈಯಿಂದ ಕೈಗೆ, 150ರಂತೆ, ಮಾಜಿ ಸೈನಿಕರ ಮನೆಗಳಿಗೇ ಹೋದವು. ಒಬ್ಬರು ಓದಿ ನಾಲ್ಕು ಜನರಿಗೆ ತೆಗೆಸಿಕೊಟ್ಟರು. ಒಂಬತ್ತು ಹತ್ತು ತಿಂಗಳಲ್ಲಿ ಖಾಲಿ. ಖರ್ಚು ಕಳೆದು ಸ್ವಲ್ಪ ದುಡ್ಡು ಉಳಿಯಿತು. ಹಳೆಯ ಮುಂಗಡ ಇದರಲ್ಲಿ ಸೇರಿಲ್ಲ. ಟೈಗರ್ ಹಿಲ್ ಕೇಳಿದ ಗೆಳೆಯರೂ ಎರಡು ಪ್ರತಿ ಕೊಂಡರು.

ಈಗ ಶ್ರೀಲಂಕಾಕ್ಕೆ ಹೋಗಿ ಬಂದವರ ಮೇಲೆ ಬರೆಯುತ್ತಿದ್ದೇನೆ. 1987ರಲ್ಲಿ ಅಲ್ಲಿಗೆ ಹೋದ ಭಾರತದ ಶಾಂತಿಪಾಲನಾ ಪಡೆ 1990ರ ಮಾರ್ಚ್‌ನಲ್ಲಿ ವಾಪಸ್ಸಾಯಿತು. ಸಾವಿರಕ್ಕೂ ಹೆಚ್ಚು ಜನ ಅಲ್ಲೇ ಪ್ರಾಣ ಬಿಟ್ಟರು. ಈ ಯುದ್ಧದವರನ್ನು ಶಾಲೆಯವರು ಭಾಷಣಕ್ಕೆ ಕರೆದದ್ದು ನಾನು ನೋಡಿಲ್ಲ. ಹಾಗಾಗಿ ಸಿದ್ಧ ಭಾಷಣವೂ ಇಲ್ಲ, ನೀರಿನ ಪ್ರಶ್ನೆಯೂ ಬೇಕಾಗಲ್ಲ, ನೇರವಾಗಿ ಹೇಳುತ್ತಾರೆ. ಎಡಗಡೆ ಬೇಗ ಬೇಗ ತುಂಬುತ್ತಿದೆ. ಈ ಸಲ ಪ್ರಕಾಶಕರೊಬ್ಬರು ತಾವೇ ಮುಂಗಡ ಕೊಡುತ್ತೇವೆ ಅಂತ ಬಂದಿದ್ದಾರೆ. ಯುದ್ಧದ ಅಧ್ಯಾಯ ಕೇಳಬಾರದು ಅಂತ ಮೊದಲೇ ಹೇಳಿದೆ. ಒಪ್ಪಿದ್ದಾರೆ.